ದಿಲ್ಲಿಯ ಅಧಿಸೂಚನೆ, ವಾಷಿಂಗ್ಟನ್ನಿನ ಸುಂಕ, ವಿಜಯಪುರದ ಸವಾಲು

2023ರ ಡಿಸೆಂಬರ್ ಎರಡನೇ ವಾರ. ನಮ್ಮ ಕಾಕಾ ಕೊಲ್ಹಾರದ ಹತ್ತಿರದ ಊರಿನಿಂದ ಬಾಡಿಗೆ ಗಾಡಿಯಲ್ಲಿ ನಲವತ್ತು ಚೀಲ ಉಳ್ಳಾಗಡ್ಡಿ ಹೇರಿಕೊಂಡು ವಿಜಯಪುರದ ಎಪಿಎಂಸಿಗೆ ಬಂದಿದ್ದರು. ನಾನೂ ಜೊತೆಗಿದ್ದೆ. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಪಟ್ಟಿಯಲ್ಲಿದ್ದವು. ಕಾಕಾನ ಹೊಲದಲ್ಲಿ ವಾಡಿಕೆಯ ಅರ್ಧದಷ್ಟೂ ಬೆಳೆ ಬಂದಿರಲಿಲ್ಲ. ಬೆಳೆ ಕೈಬಿಟ್ಟ ವರ್ಷ ದರವಾದರೂ ಕೈಹಿಡಿಯುತ್ತದೆ ಎಂಬ ಲೆಕ್ಕದಲ್ಲಿ ರಾತ್ರಿಯೆಲ್ಲ ಕುಳಿತು ಗಡ್ಡೆ ಆರಿಸಿದ್ದರು. ದಪ್ಪನೆಯವು ಒಂದು ಕಡೆ, ನಡುಗಾತ್ರದವು ಒಂದು ಕಡೆ, ಸಣ್ಣವು ಮತ್ತೊಂದು ಕಡೆ. ಬೆಳಿಗ್ಗೆ ಅಡತಿ (ದಲ್ಲಾಳಿ) ಅಂಗಡಿಯ ಮುಂದೆ ಚೀಲದ ಬಾಯಿ ಬಿಚ್ಚಿ ನಿಂತರೆ ಸವಾಲು (ಹರಾಜು) ಕೂಗುವವರೇ ಇಲ್ಲ. ಬಂದ ಒಬ್ಬಿಬ್ಬರು ಗಡ್ಡೆಯೊಂದನ್ನು ಕೈಗೆತ್ತಿಕೊಂಡು, ಒಣ ಸಿಪ್ಪೆ ಉದುರಿಸಿ, ಮರಳಿ ಚೀಲಕ್ಕೆ ಹಾಕಿ ಮುಂದೆ ನಡೆದರು. ಅಡತಿಯವರು ಮೊಬೈಲ್ ತೋರಿಸಿದರು. ‘ಕಾಕಾ, ರಫ್ತು ಬಂದ್ ಆಗಿದೆ. ಹೊರಗೆ ಕಳಿಸುವವರು ಇಂದು ಕೈಹಾಕುವುದಿಲ್ಲ. ಉಳಿದವರು ಕೇಳಿದ ದರಕ್ಕೆ ಕೊಡಬೇಕು, ಇಲ್ಲವೇ ಹೇರಿಕೊಂಡು ಊರಿಗೆ ಹೋಗಬೇಕು.’ ಊರಿಗೆ ಒಯ್ಯಲು ಮತ್ತೆ ಬಾಡಿಗೆ. ಕಾಕಾ ಕೊಟ್ಟು ಬಂದರು.

ಆ ವಾರ ನಡೆದದ್ದನ್ನು ಅರ್ಥ ಮಾಡಿಕೊಂಡರೆ, ದೇಶ ದೇಶಗಳ ನಡುವಿನ ವ್ಯಾಪಾರದ ಎಳೆದಾಟ ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳನ್ನು ಹೇಗೆ ಮುಟ್ಟುತ್ತದೆ ಎಂಬುದು ಮುಕ್ಕಾಲು ಭಾಗ ಅರ್ಥವಾದಂತೆ. ಡಿಸೆಂಬರ್ 7ರಂದು ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಉಳ್ಳಾಗಡ್ಡಿ ರಫ್ತು ನಿಷೇಧಿಸಿ ಅಧಿಸೂಚನೆ ಹೊರಡಿಸಿತು, ಮರುದಿನವೇ ಜಾರಿ. ಅದೇ 7ರಂದು, ಕಬ್ಬಿನ ರಸದಿಂದ ನೇರವಾಗಿ ಎಥೆನಾಲ್ (ಪೆಟ್ರೋಲಿಗೆ ಬೆರೆಸುವ ಇಂಧನ) ತಯಾರಿಸಬಾರದು ಎಂದು ಸಕ್ಕರೆ ಕಾರ್ಖಾನೆಗಳಿಗೆ ಇನ್ನೊಂದು ಆದೇಶ ಹೋಯಿತು. ಅದೇ ವಾರ ಹಳದಿ ಬಟಾಣಿಯ ಆಮದು ಸುಂಕ ರದ್ದಾಯಿತು. ಬಟಾಣಿ ನಮ್ಮ ಬೆಳೆಯಲ್ಲ, ನಮಗೇನು ಎನ್ನಬಹುದು. ಆದರೆ ಅಗ್ಗದ ಬಟಾಣಿ ಹಿಟ್ಟು ಕಡಲೆ ಹಿಟ್ಟಿನ ಜಾಗಕ್ಕೆ ಬಂದು ಕೂರುತ್ತದೆ, ಬಟಾಣಿ ಬೇಳೆ ತೊಗರಿ ಬೇಳೆಯ ಗಿರಾಕಿಯನ್ನು ಸೆಳೆಯುತ್ತದೆ. ಹೀಗೆ ಒಂದೇ ವಾರದಲ್ಲಿ ಕೊಲ್ಹಾರದ ಉಳ್ಳಾಗಡ್ಡಿ, ಮುಧೋಳದ ಕಬ್ಬು, ಇಂಡಿ–ಸಿಂದಗಿ ಕಡೆಯ ಎರೆ ಹೊಲದ ಕಡಲೆ ಮೂರಕ್ಕೂ ಪೆಟ್ಟು ಬಿತ್ತು. ಅದನ್ನು ಕೊಟ್ಟವರು ನಮ್ಮ ಜಿಲ್ಲೆಯವರಲ್ಲ, ನಮ್ಮ ರಾಜ್ಯ ಸರ್ಕಾರವೂ ಅಲ್ಲ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಅಧಿಕಾರಗಳ ಪಟ್ಟಿಗಳಿವೆ. ಕೇಂದ್ರ ಪಟ್ಟಿಯ 41ನೇ ನಮೂದು ವಿದೇಶ ವ್ಯಾಪಾರ, 83ನೇ ನಮೂದು ಆಮದು–ರಫ್ತು ಸುಂಕ. ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ, 28ನೆಯದು ಸಂತೆ ಮತ್ತು ಮಾರುಕಟ್ಟೆ. ಅಂದರೆ ಬೆಳೆಯುವ ವ್ಯವಹಾರ ಬೆಂಗಳೂರಿನದು, ಗಡಿ ದಾಟಿಸುವ ವ್ಯವಹಾರ ದಿಲ್ಲಿಯದು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ: ವ್ಯಾಪಾರದ ತೀರ್ಮಾನ ಮಾಡುವ ಹಕ್ಕು ಒಬ್ಬರ ಕೈಯಲ್ಲಿದೆ, ಅದರ ಖರ್ಚು ಹೊರುವ ಹೊಣೆ ಇನ್ನೊಬ್ಬರ ತಲೆಯ ಮೇಲಿದೆ. ಈ ಎರಡರ ನಡುವಿನ ಅಂತರದಲ್ಲೇ ನಮ್ಮ ಭಾಗದ ಅಭಿವೃದ್ಧಿಯ ಹಣ ಸೋರಿಹೋಗುತ್ತಿದೆ.

ದಿಲ್ಲಿಯಲ್ಲಿ ಕುಳಿತವರು ದುಷ್ಟರು ಎಂದು ನಾನು ಹೇಳುತ್ತಿಲ್ಲ. ಅವರ ಮುಂದೆ ಇನ್ನೊಂದು ಲೆಕ್ಕವಿದೆ. ಉಳ್ಳಾಗಡ್ಡಿ ಕೊಳ್ಳುವವರು ಬೆಳೆಯುವವರಿಗಿಂತ ಎಷ್ಟೋ ಪಟ್ಟು ಹೆಚ್ಚು. ವಿಜಯಪುರದ ಹಮಾಲರೂ ಬೆಳಗಾವಿಯ ಮನೆಗೆಲಸದ ಹೆಣ್ಣುಮಕ್ಕಳೂ ಕೊಳ್ಳುವವರೇ. 1998ರ ದಿಲ್ಲಿ ವಿಧಾನಸಭಾ ಚುನಾವಣೆಯಲ್ಲಿ ಆಡಳಿತ ಪಕ್ಷದ ಸೋಲಿಗೆ ಉಳ್ಳಾಗಡ್ಡಿ ದರವೇ ಕಾರಣ ಎಂಬ ಮಾತು ಇಂದಿಗೂ ಎಲ್ಲ ಪಕ್ಷಗಳ ಕಿವಿಯಲ್ಲಿದೆ. ಆದ್ದರಿಂದ ದರ ಏರತೊಡಗಿದರೆ ಮೊದಲು ನೆನಪಾಗುವುದು ರಫ್ತಿನ ಬಾಗಿಲು. 2023ರ ಆಗಸ್ಟ್‌ನಲ್ಲಿ ಶೇ 40ರಷ್ಟು ರಫ್ತು ಸುಂಕ, ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ದರ, ಡಿಸೆಂಬರ್‌ನಲ್ಲಿ ಪೂರ್ಣ ನಿಷೇಧ. ಬಾಗಿಲು ತೆರೆದದ್ದು 2024ರ ಮೇ 4ರಂದು. ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರ ಲೋಕಸಭಾ ಕ್ಷೇತ್ರಗಳ ಮತದಾನ ನಡೆದದ್ದು ಮೇ 7ರಂದು. ಈ ಎರಡು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಆ ಹೊತ್ತಿಗೆ ಕಾಕಾನ ಬಳಿ ಮಾರಲು ಒಂದು ಗಡ್ಡೆಯೂ ಉಳಿದಿರಲಿಲ್ಲ. ತೆರೆದ ಮೇಲೂ ಶೇ 40ರ ಸುಂಕ ಉಳಿಯಿತು. ಆ ಸೆಪ್ಟೆಂಬರ್‌ನಲ್ಲಿ ಅದು ಶೇ 20ಕ್ಕೆ ಇಳಿದು, ಪೂರ್ಣ ರದ್ದಾದದ್ದು 2025ರ ಏಪ್ರಿಲ್ 1ಕ್ಕೆ.

ರಫ್ತು ಸುಂಕವನ್ನು ಯಾರು ಕಟ್ಟುತ್ತಾರೆ ಎಂದು ಕೇಳಿದರೆ ರಫ್ತುದಾರ ಎಂಬ ಉತ್ತರ ಬರುತ್ತದೆ. ಕಾಗದದಲ್ಲಿ ಅದು ಸರಿ. ಲೆಕ್ಕ ಹಾಕಿ ನೋಡೋಣ. ಢಾಕಾದ ವ್ಯಾಪಾರಿಯೊಬ್ಬ ಗಡಿಗೆ ಬಂದ ಮಾಲಿಗೆ ಕಿಲೋಗೆ 28 ರೂಪಾಯಿಗಿಂತ ಹೆಚ್ಚು ಕೊಡುವುದಿಲ್ಲ ಎನ್ನೋಣ, ಏಕೆಂದರೆ ಅವನಿಗೆ ಪಾಕಿಸ್ತಾನದ ಮಾಲೂ ಸಿಗುತ್ತದೆ, ಈಜಿಪ್ಟಿನದೂ ಸಿಗುತ್ತದೆ. ಶೇ 40ರ ಸುಂಕವಿದ್ದರೆ ಆ 28ರಲ್ಲಿ 20 ರೂಪಾಯಿ ಮಾಲಿನದು, 8 ರೂಪಾಯಿ ಸುಂಕದ್ದು. ರಫ್ತುದಾರ ತನ್ನ ಲಾಭ ಬಿಟ್ಟುಕೊಡುವುದಿಲ್ಲ, ಲಾರಿಯವನು ಬಾಡಿಗೆ ಇಳಿಸುವುದಿಲ್ಲ. 8 ರೂಪಾಯಿ ಹಿಂದಕ್ಕೆ ಉರುಳುತ್ತಾ ಬಂದು ನಿಲ್ಲುವುದು ಚೀಲದ ಬಾಯಿ ಬಿಚ್ಚಿ ನಿಂತವನ ಎದುರಿಗೆ. ರಫ್ತಿಗೆ ಹೋಗದ ಮಾಲಿನ ದರವೂ ಅದರ ಜೊತೆಗೇ ಇಳಿಯುತ್ತದೆ, ಏಕೆಂದರೆ ಸವಾಲಿನಲ್ಲಿ ಎರಡೂ ಒಂದೇ ಸಾಲಿನಲ್ಲಿರುತ್ತವೆ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 2023ರ ಸೆಪ್ಟೆಂಬರ್ ಕೊನೆಯಲ್ಲಿ ‘ಬೆಂಗಳೂರು ರೋಸ್’ ತಳಿಗೆ ಈ ಸುಂಕದಿಂದ ವಿನಾಯಿತಿ ಸಿಕ್ಕಿತು. ಅದು ಕೋಲಾರ–ಚಿಕ್ಕಬಳ್ಳಾಪುರ ಕಡೆಯ, ರಫ್ತಿಗೆಂದೇ ಬೆಳೆಯುವ ತಳಿ, ವಿನಾಯಿತಿ ನ್ಯಾಯವಾದದ್ದೇ. ಆದರೆ ಕೇಳಿಸುವಂತೆ ಕೇಳಿದವರಿಗೆ ದಾರಿ ಸಿಗುತ್ತದೆ ಎಂಬುದೂ ಅದರಿಂದ ತಿಳಿಯುತ್ತದೆ. ನಮ್ಮ ಕೆಂಪು ಗಡ್ಡೆಯ ಪರವಾಗಿ ಹಾಗೆ ಕೇಳಿದವರು ನನ್ನ ಕಣ್ಣಿಗೆ ಬೀಳಲಿಲ್ಲ.

ಉಳ್ಳಾಗಡ್ಡಿಯದು ನಾಲ್ಕು ತಿಂಗಳ ಕತೆ. ಕಬ್ಬಿನದು ವರ್ಷಪೂರ್ತಿಯದು, ಅದಕ್ಕಿಂತ ಹೆಚ್ಚು ಗಂಟು ಬಿದ್ದದ್ದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಾಜಕೀಯವನ್ನು ಸಕ್ಕರೆಯಿಂದ ಬಿಡಿಸಿ ನೋಡಲು ಆಗುವುದೇ ಇಲ್ಲ. ಕಾರ್ಖಾನೆಗಳ ಮಾಲೀಕತ್ವದಲ್ಲಿ, ಆಡಳಿತ ಮಂಡಳಿಗಳಲ್ಲಿ ಎಲ್ಲ ಪಕ್ಷಗಳ ನಾಯಕರೂ ಇದ್ದಾರೆ.

ಕಬ್ಬಿನ ನ್ಯಾಯ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ, ನಿಗದಿ ಮಾಡುವುದು ಕೇಂದ್ರ. 2025–26ರ ಹಂಗಾಮಿಗೆ ಅದು ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಟನ್ನಿಗೆ 3,550. ಕಟಾವು ಮತ್ತು ಸಾಗಣೆ ಖರ್ಚು ಇದರಲ್ಲೇ ಕಳೆಯಬೇಕು. ಕಾರ್ಖಾನೆ ಸಕ್ಕರೆಯನ್ನು ಕನಿಷ್ಠ ಎಷ್ಟಕ್ಕೆ ಮಾರಬೇಕು ಎಂದು ಹೇಳುವುದೂ ಕೇಂದ್ರ. ಆ ದರ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಆಯಿತು. 2025 ಮುಗಿಯುವವರೆಗೂ ಅಲ್ಲೇ ನಿಂತಿತ್ತು. ಅಷ್ಟರಲ್ಲಿ ಎಫ್‌ಆರ್‌ಪಿ 275ರಿಂದ 355ಕ್ಕೆ ಏರಿತ್ತು. ಮೂಲ ಇಳುವರಿಯ ಲೆಕ್ಕ ನಡುವೆ ತುಸು ಬದಲಾದದ್ದು ನಿಜ, ಆದರೂ ಏರಿಕೆ ಶೇ 29. ಈಗ ಒಂದು ಟನ್ ಕಬ್ಬು ನುರಿಸಿ. ಶೇ 10.25ರ ಇಳುವರಿಯಲ್ಲಿ 102.5 ಕಿಲೋ ಸಕ್ಕರೆ. 31ರಂತೆ ಮಾರಿದರೆ 3,177 ರೂಪಾಯಿ 50 ಪೈಸೆ. ರೈತನಿಗೆ ಕೊಡಬೇಕಾದದ್ದೇ 3,550. ಮಾರುಕಟ್ಟೆಯಲ್ಲಿ ಸಕ್ಕರೆ 31ಕ್ಕಿಂತ ಹೆಚ್ಚಿಗೆ ಮಾರುತ್ತದೆ. ಕಾಕಂಬಿ, ಎಥೆನಾಲ್, ಸಿಪ್ಪೆಯಿಂದ ತೆಗೆಯುವ ವಿದ್ಯುತ್ತು, ಇವುಗಳ ಆದಾಯವೂ ಕಾರ್ಖಾನೆಗಿದೆ. ಹಾಗಾಗಿ ‘ನಷ್ಟ, ನಷ್ಟ’ ಎಂಬ ಮಾಲೀಕರ ಮಾತನ್ನು ರೈತರು ಸುಲಭಕ್ಕೆ ನಂಬುವುದಿಲ್ಲ. ತೂಕದ ಚೀಟಿಯ ಮೇಲೆ, ಇಳುವರಿಯ ಲೆಕ್ಕದ ಮೇಲೆ ಅವರಿಗಿರುವ ಸಂಶಯ ಹಳೆಯದು. ಡಬಲ್ ಟ್ರೇಲರ್ ಹಿಂದೆ ಬೈಕಿನಲ್ಲಿ ಕಾರ್ಖಾನೆಯವರೆಗೂ ಹೋಗಿ ತೂಕದ ಕಾಟಾದ ಮುಂದೆ ಅರ್ಧ ದಿನ ಕಾದು ನಿಲ್ಲುವ ರೈತರನ್ನು ಕಂಡವರಿಗೆ ಆ ಸಂಶಯದ ಆಳ ಗೊತ್ತು.

ಹೀಗೆ ಇಕ್ಕಟ್ಟಾದ ಲೆಕ್ಕಕ್ಕೆ ಗಾಳಿಯಾಡುವ ಕಿಟಕಿಗಳು ಎರಡೇ: ರಫ್ತು ಮತ್ತು ಎಥೆನಾಲ್. 2021–22ರಲ್ಲಿ ಭಾರತ ಸುಮಾರು 110 ಲಕ್ಷ ಟನ್ ಸಕ್ಕರೆ ರಫ್ತು ಮಾಡಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಜಗತ್ತಿನಲ್ಲಿ ಆಹಾರದ ದರಗಳು ಏರಿದವು. ಮೇ ತಿಂಗಳಲ್ಲಿ ಗೋಧಿ ರಫ್ತು ನಿಂತಿತು, ಜೂನ್ 1ರಿಂದ ಸಕ್ಕರೆ ರಫ್ತು ನಿರ್ಬಂಧಿತ ಪಟ್ಟಿಗೆ ಸೇರಿತು. 2022–23ರಲ್ಲಿ ಸುಮಾರು 60 ಲಕ್ಷ ಟನ್ನಿಗೆ ಅನುಮತಿ ಸಿಕ್ಕಿತು, 2023–24ರಲ್ಲಿ ಒಂದು ಟನ್ನಿಗೂ ಇಲ್ಲ. 2024–25ರಲ್ಲಿ 10 ಲಕ್ಷ ಟನ್. ಎಥೆನಾಲ್ ಕಿಟಕಿಯನ್ನು ನಂಬಿ ಸಾಲ ತಂದು ಡಿಸ್ಟಿಲರಿ ಕಟ್ಟಿದ ಕಾರ್ಖಾನೆಗಳಿಗೆ ಮೇಲೆ ಹೇಳಿದ ಡಿಸೆಂಬರ್ 7ರ ಆದೇಶ ಬಂತು, ಹಂಗಾಮಿನ ನಟ್ಟನಡುವೆ. ಒಂದು ವಾರದ ನಂತರ 17 ಲಕ್ಷ ಟನ್ ಸಕ್ಕರೆಯ ಮಿತಿಯಲ್ಲಿ ಸಡಿಲಿಕೆ ಕೊಟ್ಟರು. ಪೂರ್ಣ ಸಡಿಲಿಕೆಗೆ 2024ರ ಆಗಸ್ಟ್ ಕೊನೆಯವರೆಗೆ ಕಾಯಬೇಕಾಯಿತು.

ಇದಕ್ಕೆ ಇನ್ನೊಂದು ಮಗ್ಗುಲಿದೆ, ನಮ್ಮ ಹೋರಾಟದ ವೇದಿಕೆಗಳಲ್ಲಿ ಅದರ ಮಾತು ಬರುವುದು ಕಡಿಮೆ. 2019ರಲ್ಲಿ ಜಗತ್ತಿನ ಅತಿದೊಡ್ಡ ಸಕ್ಕರೆ ರಫ್ತುದಾರ ಬ್ರೆಜಿಲ್, ಜೊತೆಗೆ ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ವಿರುದ್ಧ ದೂರು ಕೊಟ್ಟವು. ಭಾರತ ತನ್ನ ಕಬ್ಬು ಬೆಳೆಗಾರರಿಗೆ ಬೆಳೆಯ ಮೌಲ್ಯದ ಶೇ 10ರ ಮಿತಿಗಿಂತ ಹೆಚ್ಚು ಬೆಂಬಲ ಕೊಡುತ್ತಿದೆ, ರಫ್ತಿಗೂ ಸಬ್ಸಿಡಿ ಕೊಡುತ್ತಿದೆ ಎಂಬುದು ದೂರು. 2021ರ ಡಿಸೆಂಬರ್‌ನಲ್ಲಿ ವಿಚಾರಣಾ ಸಮಿತಿ ಭಾರತದ ವಿರುದ್ಧವೇ ವರದಿ ಕೊಟ್ಟಿತು. ಆ ಬಳಿಕ ಭಾರತ ಮೇಲ್ಮನವಿ ಸಲ್ಲಿಸಿತು. ಆದರೆ ಮೇಲ್ಮನವಿ ಕೇಳಬೇಕಾದ ಪೀಠವೇ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ. ಅಲ್ಲಿಗೆ ಸದಸ್ಯರ ನೇಮಕವನ್ನು ಅಮೆರಿಕ ತಡೆಹಿಡಿದಿದೆ. ತೀರ್ಪು ಕೊಡುವವರಿಲ್ಲದ ನ್ಯಾಯಾಲಯದಲ್ಲಿ ಮೊಕದ್ದಮೆ ಇಟ್ಟಂತೆ ಇದು. ತಾತ್ಕಾಲಿಕವಾಗಿ ಇದು ನಮಗೆ ಅನುಕೂಲ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ನಿಯಮ ಸತ್ತಲ್ಲಿ ಬಲವಿದ್ದವನ ಮಾತೇ ನಡೆಯುತ್ತದೆ ಎಂಬುದನ್ನು 2025ರಲ್ಲಿ ಬೆಳಗಾವಿಯ ಕಾರ್ಖಾನೆಗಳು ಅನುಭವಿಸಿದವು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ಇದರ ಖರ್ಚು ಯಾರ ತಲೆಗೆ ಬರುತ್ತದೆ ನೋಡೋಣ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಹಗಲು ರಾತ್ರಿ ಕುಳಿತರು. ಬೇಡಿಕೆ ಕಟಾವು, ಸಾಗಣೆ ಖರ್ಚು ಬಿಟ್ಟು ಟನ್ನಿಗೆ 3,500. ದರ ಕೇಂದ್ರದ್ದು, ರಫ್ತು ಕೇಂದ್ರದ್ದು, ಎಥೆನಾಲ್ ಹಂಚಿಕೆ ಕೇಂದ್ರದ್ದು. ಆದರೆ ರಸ್ತೆ ರಾಜ್ಯದ್ದು, ಅದರ ಮೇಲೆ ನಿಂತ ಪೊಲೀಸರು ರಾಜ್ಯದವರು, ಸಂಧಾನಕ್ಕೆ ಓಡಾಡಿದ ಜಿಲ್ಲಾಧಿಕಾರಿ ರಾಜ್ಯದವರು. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದರು, ಕಾರ್ಖಾನೆಯವರನ್ನು ಕರೆಸಿ ಕೂರಿಸಿದರು. ಕೊನೆಗೆ 3,300 ರೂಪಾಯಿ ಘೋಷಣೆಯಾಯಿತು. ಅದರಲ್ಲಿ 50 ರೂಪಾಯಿ ರಾಜ್ಯದ ಬೊಕ್ಕಸದಿಂದ. ಮುಧೋಳ ಭಾಗದವರು ಅದನ್ನೂ ಒಪ್ಪದೆ ಹೋರಾಟ ಮುಂದುವರಿಸಿದರು. ಅದೇ ತಿಂಗಳು ಕೇಂದ್ರ 15 ಲಕ್ಷ ಟನ್ ಸಕ್ಕರೆ ರಫ್ತಿಗೆ ಅನುಮತಿ ಕೊಟ್ಟಿತು.

ಟನ್ನಿಗೆ 50 ರೂಪಾಯಿ ಚಿಕ್ಕದಾಗಿ ಕಾಣುತ್ತದೆ. ಒಂದು ಕೋಟಿ ಟನ್ ಕಬ್ಬಿಗೆ ಅದು 50 ಕೋಟಿ ರೂಪಾಯಿ, ಮತ್ತು ಕರ್ನಾಟಕ ನುರಿಸುವುದು ಹಲವು ಕೋಟಿ ಟನ್. ತೊಗರಿಯದೂ ಇದೇ ಬಗೆ. 2021ರಿಂದ ತೊಗರಿ ಆಮದಿಗೆ ನಿರ್ಬಂಧವಿರಲಿಲ್ಲ, 2023ರಿಂದ ಸುಂಕವೂ ಇರಲಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ಮಲಾವಿಗಳೊಂದಿಗೆ ಇಂತಿಷ್ಟು ಕೊಳ್ಳುತ್ತೇವೆಂಬ ಒಪ್ಪಂದಗಳಿದ್ದವು. 2025ರ ಆರಂಭದಲ್ಲಿ ನಮ್ಮ ಮಾರುಕಟ್ಟೆಗಳಲ್ಲಿ ತೊಗರಿ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದಾಗ, ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ 8,000 ಮಾಡಿ ಕೊಟ್ಟದ್ದು ರಾಜ್ಯ ಸರ್ಕಾರ. ಕೊಟ್ಟದ್ದು ಸರಿಯೇ, ನಾನು ರೈತರ ಮನೆಯಿಂದ ಬಂದವನು, ಬೇಡ ಎನ್ನಲಾರೆ. ಆದರೆ ಆ ಹಣ ಬೇರೊಂದು ಕೆಲಸದ ಪಾಲಿನಿಂದಲೇ ಬರಬೇಕು. ಅದೇ ಬೊಕ್ಕಸದ ಮುಂದೆ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ನಿಂತಿದೆ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ಕೊಡುವುದಾಗಿ 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ತೀರ್ಮಾನಿಸಿದೆ. ಬಾಗಲಕೋಟೆಯವರಿಗೆ ಮುಳುಗಡೆ ಎಂದರೆ ಏನು ಎಂದು ಯಾರೂ ವಿವರಿಸಬೇಕಿಲ್ಲ. 2010ರಲ್ಲಿ ಮಂಜೂರಾದ ಬಾಗಲಕೋಟೆ–ಕುಡಚಿ ರೈಲು ಮಾರ್ಗಕ್ಕೆ ರಾಜ್ಯವೂ ಪಾಲು ಕೊಡಬೇಕು. ಈ ಕೆಲಸಗಳು ತಡವಾಗಿರುವುದಕ್ಕೆ ವ್ಯಾಪಾರದ ಏರುಪೇರೇ ಕಾರಣ ಎಂದರೆ ತಪ್ಪಾಗುತ್ತದೆ. ಭೂಸ್ವಾಧೀನದ ತೊಡಕು, ನ್ಯಾಯಾಲಯದ ತಡೆ, ನಮ್ಮವರದೇ ಉದಾಸೀನ, ಎಲ್ಲ ಸೇರಿವೆ. ಆದರೆ ಪ್ರತಿ ವರ್ಷ ಬೆಂಕಿ ಆರಿಸಲು ಹಣ ಹೋಗುವ ಮನೆಯಲ್ಲಿ ಗೋಡೆ ಕಟ್ಟುವ ಹಣ ಹಿಂದೆ ಬೀಳುವುದು ಸಹಜ.

ಕೇಂದ್ರ ವಸೂಲಿ ಮಾಡುವ ಸುಂಕದಲ್ಲಿ ರಾಜ್ಯಕ್ಕೂ ಪಾಲಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಇದೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ (2021–26) ಹಂಚಿಕೆಗೆ ಬರುವ ತೆರಿಗೆಯ ಶೇ 41 ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕಕ್ಕೆ ಶೇ 3.647, ಹಿಂದಿನ ಆಯೋಗ ಕೊಟ್ಟದ್ದು ಶೇ 4.713. ಆದರೆ ಸೆಸ್ ಎಂದು ಹೆಸರಿಟ್ಟು ಎತ್ತಿದ ಹಣ ಈ ಹಂಚಿಕೆಗೆ ಬರುವುದೇ ಇಲ್ಲ. 2021ರಿಂದ ಹಲವು ಆಮದು ವಸ್ತುಗಳ ಮೇಲೆ ಮೂಲ ಸುಂಕ ತಗ್ಗಿಸಿ ಆ ಜಾಗದಲ್ಲಿ ಕೃಷಿ ಮೂಲಸೌಕರ್ಯ ಸೆಸ್ ಹಾಕಲಾಗಿದೆ. ಕೊಳ್ಳುವವನಿಗೆ ಎರಡೂ ಒಂದೇ. ರಾಜ್ಯದ ಬೊಕ್ಕಸಕ್ಕೆ ಒಂದೇ ಅಲ್ಲ.

ಬೆಳಗಾವಿಯ ಉದ್ಯಮಬಾಗಕ್ಕೆ ಹೋದರೆ ಇದೇ ಕತೆಯ ಇನ್ನೊಂದು ಮುಖ ಕಾಣುತ್ತದೆ. ಫೌಂಡ್ರಿಗಳ ಊರು ಅದು. ಮರಳಿನ ಅಚ್ಚಿನಲ್ಲಿ ಕರಗಿದ ಕಬ್ಬಿಣ ಸುರಿದು ಪಂಪು, ವಾಲ್ವು, ವಾಹನದ ಬಿಡಿಭಾಗಗಳ ಎರಕ ತೆಗೆಯುತ್ತಾರೆ. ಪಕ್ಕದ ಶೆಡ್ಡಿನಲ್ಲಿ ಅದನ್ನೇ ಕೊರೆದು, ಉಜ್ಜಿ, ಅಳತೆಗೆ ತರುತ್ತಾರೆ. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳೂ ತಯಾರಾಗುತ್ತವೆ. 2025ರ ಆಗಸ್ಟ್ 7ರಿಂದ ಅಮೆರಿಕ ಭಾರತದ ಸರಕುಗಳ ಮೇಲೆ ಶೇ 25ರ ಸುಂಕ ಹಾಕಿತು. ರಷ್ಯಾದಿಂದ ತೈಲ ಕೊಳ್ಳುತ್ತಿದ್ದೀರಿ ಎಂಬ ಕಾರಣಕ್ಕೆ ಆಗಸ್ಟ್ 27ರಿಂದ ಇನ್ನೂ ಶೇ 25. ಉಕ್ಕು ಮತ್ತು ಅಲ್ಯೂಮಿನಿಯಂ ಸರಕಿನ ಮೇಲೆ ಬೇರೆ ಕಾನೂನಿನಡಿ ಜೂನ್‌ನಿಂದಲೇ ಶೇ 50ರ ಸುಂಕವಿತ್ತು. ದರಗಳು ಮುಂದೆಯೂ ಮಾತುಕತೆಯ ಮೇಲೆ ಬದಲಾಗುತ್ತಲೇ ಬಂದವು. ಆ ಬದಲಾಗುವಿಕೆಯೇ ಒಂದು ಹೊರೆ.

ಆಮದು ಸುಂಕ ಕಟ್ಟುವವನು ಅಮೆರಿಕದ ಕೊಳ್ಳುವವನು, ನಮ್ಮ ಕಾರ್ಖಾನೆಯವನಲ್ಲ. ಆದರೂ ಪೆಟ್ಟು ಇಲ್ಲಿಗೆ ಬರುವುದು ಹೇಗೆ? ಉದ್ಯಮಬಾಗದಲ್ಲಿ ಸಣ್ಣ ಘಟಕ ನಡೆಸುವ ಪರಿಚಯದವರೊಬ್ಬರು ಹೇಳಿದ್ದನ್ನೇ ಹೇಳುತ್ತೇನೆ. ಮೊದಲು ಬಂದದ್ದು ಒಂದು ಮೇಲ್: ಸುಂಕದ ಅರ್ಧ ನೀವು ಹೊರಿ. ಅವರ ಲಾಭವೇ ಅಷ್ಟಿಲ್ಲ. ಎರಡನೆಯದು: ತಯಾರಾದ ಮಾಲು ನಿಮ್ಮಲ್ಲೇ ಇರಲಿ, ಹೇಳಿದಾಗ ಕಳಿಸಿ. ಮಾಲು ಗೋದಾಮಿನಲ್ಲಿ ನಿಂತರೆ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಮೂರನೆಯ ಮೇಲ್ ಬರಲೇ ಇಲ್ಲ, ಹೊಸ ಆರ್ಡರ್ ಇರಬೇಕಿದ್ದ ಜಾಗ ಅದು. ಅವರು ಮೊದಲು ರಾತ್ರಿ ಪಾಳಿ ನಿಲ್ಲಿಸಿದರು. ಕಾಯಂ ನೌಕರರನ್ನು ಉಳಿಸಿಕೊಂಡು ಗುತ್ತಿಗೆಯ ಹುಡುಗರಿಗೆ ‘ಹಬ್ಬ ಮುಗಿಸಿಕೊಂಡು ಫೋನ್ ಮಾಡಿ ಬನ್ನಿ’ ಎಂದರು. ನಾನು ಹೋದಾಗ ಖಾಲಿ ಅಚ್ಚಿನ ಪೆಟ್ಟಿಗೆಗಳನ್ನು ಗೋಡೆಗೆ ಒಟ್ಟಿಟ್ಟಿದ್ದರು, ಮೇಲೆ ಮರಳಿನ ಧೂಳು ಕುಳಿತಿತ್ತು. ಎದುರಿನ ಚಹಾದಂಗಡಿಯವರು ರಾತ್ರಿ ಅಂಗಡಿ ತೆರೆಯುವುದನ್ನೇ ಬಿಟ್ಟಿದ್ದರು. ರಾಜ್ಯದ ಆದಾಯಕ್ಕೂ ಇದೇ ದಾರಿಯಲ್ಲಿ ಪೆಟ್ಟು ಬೀಳುತ್ತದೆ. ರಫ್ತಿನ ಮೇಲೆ ಜಿಎಸ್‌ಟಿ ಇಲ್ಲ. ಸರ್ಕಾರಕ್ಕೆ ಬರುವುದು ಆ ಕಾರ್ಮಿಕರು ಕೂಲಿಯಲ್ಲಿ ಕೊಂಡ ಬಟ್ಟೆ, ಮೊಬೈಲ್, ಬೈಕಿನಿಂದ. ಪಾಳಿ ನಿಂತರೆ ಅದೂ ನಿಲ್ಲುತ್ತದೆ.

ನಮ್ಮ ಸರ್ಕಾರ ಕೊಡುವ ರಕ್ಷಣೆಯೂ ಎಲ್ಲರಿಗೂ ಒಂದೇ ತೆರನಾಗಿರುವುದಿಲ್ಲ. ಹೊರದೇಶದ ಅಗ್ಗದ ಉಕ್ಕು ನುಗ್ಗುತ್ತಿದೆಯೆಂದು 2025ರ ಏಪ್ರಿಲ್‌ನಲ್ಲಿ ಕೇಂದ್ರ ಉಕ್ಕಿನ ತಗಡು ಮತ್ತು ಸುರುಳಿಯ ಆಮದಿಗೆ ಶೇ 12ರ ರಕ್ಷಣಾ ಸುಂಕ ಹಾಕಿತು. ಬಳ್ಳಾರಿ ಕಡೆಯ ದೊಡ್ಡ ಉಕ್ಕಿನ ಕಾರ್ಖಾನೆಗೆ ಅದು ಆಸರೆ. ತಗಡು ಕೊಂಡು ಟ್ರೇಲರ್ ಕಟ್ಟುವ, ಕೃಷಿ ಉಪಕರಣ ಮಾಡುವ ಸಣ್ಣ ವರ್ಕ್‌ಶಾಪಿಗೆ ಅದೇ ಹೊರೆ. ಒಬ್ಬರಿಗೆ ಛತ್ರಿ ಹಿಡಿದರೆ ಅದರ ನೀರು ಪಕ್ಕದವರ ತಲೆಯ ಮೇಲೆ ಸುರಿಯುತ್ತದೆ.

ಹತ್ತಿಯಲ್ಲಿ ಈ ಸರಪಳಿ ಇನ್ನೂ ಉದ್ದ. ಅಮೆರಿಕದ ಸುಂಕದಿಂದ ತಿರುಪ್ಪೂರು, ಸೂರತ್ತಿನಂಥ ಊರುಗಳ ಬಟ್ಟೆ ಉದ್ಯಮ ಸಂಕಟಕ್ಕೆ ಸಿಕ್ಕಿತು. ಅವರಿಗೆ ನೂಲು ಅಗ್ಗವಾಗಲಿ ಎಂದು ಕೇಂದ್ರ 2025ರ ಆಗಸ್ಟ್‌ನಲ್ಲಿ ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕ ತೆಗೆಯಿತು, ಬಳಿಕ ವಿನಾಯಿತಿಯನ್ನು ಡಿಸೆಂಬರ್ ಕೊನೆಯವರೆಗೆ ವಿಸ್ತರಿಸಿತು. ಬೈಲಹೊಂಗಲ, ಸವದತ್ತಿ ಕಡೆಯ ಹತ್ತಿ ಬಿಡಿಸಿ ಮಾರುಕಟ್ಟೆಗೆ ಬರುವುದು ಆ ತಿಂಗಳುಗಳಲ್ಲೇ. ವಾಷಿಂಗ್ಟನ್ನಿನ ಸಿಟ್ಟು ದಿಲ್ಲಿಯ ತೈಲ ಖರೀದಿಯ ಮೇಲೆ. ಅದರ ಬಿಸಿ ತಟ್ಟಿದ್ದು ಮಲಪ್ರಭೆಯ ದಂಡೆಯ ಹತ್ತಿಗೆ.

ಈ ನೆಲಕ್ಕೆ ಇದು ಮೊದಲ ಸಲವೂ ಅಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ರಾಜ್ಯಗಳ ಹತ್ತಿ ಬಂದರು ದಾಟದಂತಾಯಿತು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಹತ್ತಿ ಬೇಕಿತ್ತು. ಧಾರವಾಡ, ಬೆಳಗಾವಿ, ಆಗಿನ ಕಲಾದಗಿ ಭಾಗದ ಹತ್ತಿಗೆ ಕಂಡು ಕೇಳರಿಯದ ದರ ಬಂತು. ಈ ಹತ್ತಿಯನ್ನು ಸಮುದ್ರಕ್ಕೆ ಮುಟ್ಟಿಸಲು ಕಾರವಾರ ಬಂದರು ಅಭಿವೃದ್ಧಿಯಾಗಬೇಕೆಂದು ಗಿರಣಿ ಮಾಲೀಕರು ಒತ್ತಡ ಹೇರಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತದಿಂದ ಕಳಚಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಸಾಗರದಾಚೆಯ ಯುದ್ಧವೊಂದು ಇಲ್ಲಿ ಜಿಲ್ಲೆಯ ಆಡಳಿತವನ್ನೇ ಬದಲಿಸಿತು! 1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಹೊರಟಿತು, ಇಲ್ಲಿನ ದರ ಕುಸಿಯಿತು. ಬಂದರಿನ ಮೇಲಿದ್ದ ಉತ್ಸಾಹವೂ ತಣ್ಣಗಾಯಿತು. ಹುಬ್ಬಳ್ಳಿಯಿಂದ ಆ ಕರಾವಳಿಗೆ ಇಳಿಯಬೇಕಾದ ಅಂಕೋಲಾ ರೈಲು ಮಾರ್ಗ ಇಂದಿಗೂ ಆಗಿಲ್ಲ. ಹೊರಗಿನವರ ತುರ್ತಿಗಾಗಿ ಬಂದ ಅಭಿವೃದ್ಧಿ ಆ ತುರ್ತು ಮುಗಿದ ದಿನ ಅರ್ಧಕ್ಕೆ ನಿಲ್ಲುತ್ತದೆ. ಊರಿನ ಬೇಕು–ಬೇಡಗಳನ್ನು ಕೇಳಿ ಹಾಕಿದ ಬುನಾದಿ ಅದಕ್ಕಿರುವುದಿಲ್ಲ.

ಹಾಗಾದರೆ ಮಾಡಬಹುದಾದದ್ದೇನು? ರಫ್ತು ಎಂದಿಗೂ ನಿಲ್ಲಿಸಬಾರದು ಎಂದು ನಾನು ಹೇಳುವುದಿಲ್ಲ. ಬರಗಾಲದಲ್ಲಿ ಊರಿನ ಅನ್ನ ಊರಿಗೆ ಮೊದಲು. ಆದರೆ ನಿಯಮ ಮೊದಲೇ ಗೊತ್ತಿರಲಿ: ದರ ಇಂತಿಷ್ಟು ದಾಟಿದರೆ ಸುಂಕ ಇಷ್ಟು, ಇಳಿದರೆ ಸುಂಕ ತಾನಾಗಿ ರದ್ದು. ಬಿತ್ತುವ ಮುನ್ನ ಅದು ಗೊತ್ತಿದ್ದರೆ ರೈತ ತನ್ನ ಲೆಕ್ಕ ತಾನು ಹಾಕಿಕೊಳ್ಳುತ್ತಾನೆ. ರಾತ್ರಿ ಬಂದು ಬೆಳಿಗ್ಗೆ ಜಾರಿಯಾಗುವ ಅಧಿಸೂಚನೆಗೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಜನರಿಗಾಗಿ ದರ ಇಳಿಸಿದರೆ ಅದರಿಂದ ರೈತನಿಗಾದ ನಷ್ಟವನ್ನು ಇಳಿಸಿದವರೇ ತುಂಬಿಕೊಡಬೇಕು. ರಾಜ್ಯದ ಕಾಲುವೆ, ಶಾಲೆಗಳ ಹಣದಿಂದಲ್ಲ. ರಾಜ್ಯದ ಕೈಯಲ್ಲಿರುವ ಕೆಲಸಗಳೂ ಕಡಿಮೆಯಿಲ್ಲ. ಗಾಳಿಯಾಡುವ ಉಳ್ಳಾಗಡ್ಡಿ ಶೆಡ್ಡು ಹೊಲದಲ್ಲೇ ಇದ್ದಿದ್ದರೆ ಕಾಕಾ ಅಂದು ಸಿಕ್ಕ ದರಕ್ಕೆ ಕೊಟ್ಟು ಬರಬೇಕಿರಲಿಲ್ಲ. ಮಳೆಗಾಲದ ಗಡ್ಡೆ ಬಹಳ ದಿನ ತಾಳದಿದ್ದರೂ ಕೆಲವು ವಾರವಾದರೂ ಕಾಯಬಹುದಿತ್ತು. ಸುವರ್ಣ ವಿಧಾನಸೌಧದಲ್ಲಿ ಪ್ರತಿ ಚಳಿಗಾಲ ಅಧಿವೇಶನ ನಡೆಯುತ್ತದೆ, ಹೊರಗೆ ರೈತರು ಧರಣಿ ಕೂರುತ್ತಾರೆ. ನಮ್ಮ ಸಂಸದರನ್ನೂ ಅಲ್ಲಿಗೆ ಕರೆಸಿ, ರಫ್ತು ನೀತಿಯ ಮೇಲೆ ಒಂದು ದಿನ ಪೂರ್ತಿ ಪ್ರಶ್ನೆ ಕೇಳುವ ಪದ್ಧತಿ ಬೇಕು. ಅಧಿಕಾರ ಇರುವುದು ಅವರು ಕುಳಿತಿರುವ ಸದನದಲ್ಲಿ.

ಕಾಕಾ ಮರುವರ್ಷ ಉಳ್ಳಾಗಡ್ಡಿ ಹಾಕಲಿಲ್ಲ. ಆ ಎರಡು ಎಕರೆಗೆ ಕಬ್ಬು ನಾಟಿ ಮಾಡಿದರು. ‘ಕಬ್ಬಿಗೆ ದಿಲ್ಲಿಯವರು ಒಂದು ದರವನ್ನಾದರೂ ಮೊದಲೇ ಬರೆದಿಡುತ್ತಾರೆ, ಉಳ್ಳಾಗಡ್ಡಿಗೆ ಅದೂ ಇಲ್ಲ’ ಎಂಬುದು ಅವರ ಮಾತು. ಅವರೊಬ್ಬರೇ ಅಲ್ಲ, ಆ ಸಾಲಿನ ಹೊಲಗಳೆಲ್ಲ ಈಗ ಕಬ್ಬೇ. ವರ್ಷವಿಡೀ ನೀರು ನಿಂತು ತಗ್ಗಿನ ಕಡೆ ನೆಲ ಸವಳಾಗತೊಡಗಿದೆ. ಬೇಸಿಗೆಯಲ್ಲಿ ಬದುವಿನ ಪಕ್ಕ ಬಿಳಿ ಉಪ್ಪು ಕಾಣುತ್ತದೆ. ಕಳೆದ ಸಲ ಹೋದಾಗ ಕಾಕಾ ಆ ಬಿಳಿ ಮಣ್ಣನ್ನು ಬೆರಳಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿ ನೋಡಿದರು. ಆಮೇಲೆ ಮೊಬೈಲ್ ತೆಗೆದು, ಈ ಸಲ ಬ್ರೆಜಿಲ್‌ನಲ್ಲಿ ಮಳೆ ಹೇಗಿದೆ ನೋಡಿ ಹೇಳು ಎಂದು ನನ್ನ ಕೈಗೆ ಕೊಟ್ಟರು.